ಒಂದು ಟಿಸಿಗೆ ಮೂರು ದಿನದ ಪಗಾರ

ಹುಬ್ಬಳ್ಳಿಯಲ್ಲಿ ನಮ್ಮ ಮನೆ ಹಿಂದಿನ ಪ್ಲಾಟಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುತ್ತಿದ್ದಾರೆ. ಅದರ ಮೂಲೆಯಲ್ಲೇ ನಾಲ್ಕು ತಗಡಿನ ಶೆಡ್. ಒಂದರಲ್ಲಿ ಮುಂಡರಗಿ ಕಡೆಯಿಂದ ಗುಳೆ ಬಂದವರಿದ್ದಾರೆ. ಗಂಡ ಗೌಂಡಿ, ಹೆಂಡತಿ ಇಟ್ಟಿಗೆ ಸಿಮೆಂಟು ಹೊರುತ್ತಾಳೆ, ಎರಡು ಮಕ್ಕಳು. ಹೋದ ವರ್ಷ ಜೂನ್ ತಿಂಗಳ ಒಂದು ಸಂಜೆ ಆಕೆ ನಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ.

"ಅಕ್ಕಾರ, ಇದರಾಗ ಯಾವ ಕಾಗದ ಬೇಕು ನೋಡ್ರಿ. ಸಾಲ್ಯಾಗ ಹುಡುಗಿನ್ನ ತಗೊಳವಲ್ರು."

ಕಟ್ಟೆ ಮೇಲೆ ಚೀಲ ಸುರುವಿದಳು. ನಾಲ್ಕು ಆಧಾರ್ ಕಾರ್ಡು, ರೇಷನ್ ಕಾರ್ಡು, ಎರಡು ಎಕರೆ ಹೊಲದ ಉತಾರ, ಮಗ ಹುಟ್ಟಿದಾಗಿನ ತಾಯಿ ಕಾರ್ಡು, ಮಗಳ ಐದನೇತ್ತೆ ಮಾರ್ಕ್ಸ್ ಕಾರ್ಡು. ಎಲ್ಲವನ್ನೂ ಮಡಚಿ ಮಡಚಿ ಗೆರೆ ಬಿದ್ದಿತ್ತು, ಸಿಮೆಂಟಿನ ಬೂದು ಹಿಡಿದಿತ್ತು. ಟಿಸಿ ಒಂದು ಇರಲಿಲ್ಲ. ಅದು ಊರಿನ ಸಾಲಿಯಲ್ಲಿದೆ.

ಊರಿಗೆ ಹೋಗಬೇಕೆಂದರೆ ಮೊದಲು ಗದಗ, ಅಲ್ಲಿಂದ ಮುಂಡರಗಿ, ಅಲ್ಲಿಂದ ಇನ್ನೊಂದು ಬಸ್. ಶಕ್ತಿ ಯೋಜನೆಯಿಂದ ಆಕೆಗೆ ಬಸ್ಸಿನ ಖರ್ಚಿಲ್ಲ, ನಿಜ. ಆದರೆ ಆ ದಿನದ 450 ರೂಪಾಯಿ ಪಗಾರ ಹೋಯಿತು. ಮೊದಲ ಸಲ ಹೋದಾಗ ಹೆಡ್ ಮಾಸ್ತರು ಮೀಟಿಂಗಿಗೆ ಹೋಗಿದ್ದರು. ಎರಡನೇ ಸಲ ಹೋದಾಗ ಆಧಾರ್‌ನಲ್ಲಿರುವ ಹೆಸರಿಗೂ ಸಾಲಿ ರಿಜಿಸ್ಟರಿನಲ್ಲಿರುವ ಹೆಸರಿಗೂ ಒಂದು ಅಕ್ಷರದ ವ್ಯತ್ಯಾಸ ಅಂತ ವಾಪಸ್ ಕಳಿಸಿದರು. ಅಷ್ಟೊತ್ತಿಗೆ ಇಲ್ಲಿ ಸಾಲಿ ಶುರುವಾಗಿ ಐದು ವಾರ ಆಗಿತ್ತು. ಹುಡುಗಿ ಶೆಡ್ಡಿನಲ್ಲಿ ತಮ್ಮನನ್ನು ಎತ್ತಿಕೊಂಡು ಕೂತಿರುತ್ತಿದ್ದಳು.

ನಾನು ಮೊದಲೇ ಓದಬೇಕಾಗಿತ್ತು, ಓದಿರಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿ ಇದೆ: ಟಿಸಿ ತಡವಾಯಿತು ಅಂತ ಮಗುವಿಗೆ ಪ್ರವೇಶ ಕೊಡದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ನಿರಾಕರಿಸುವ ಹಾಗಿಲ್ಲ, ಅದು 14ನೇ ಕಲಂ. ಆ ಹಾಳೆ ಪ್ರಿಂಟ್ ತೆಗೆಸಿಕೊಂಡು ಆಕೆಯ ಜೊತೆ ಸಾಲಿಗೆ ಹೋದೆ. ಅಲ್ಲಿನ ಹೆಡ್ ಬಾಯಾರು ಓದಿ, "ಇವತ್ತೇ ಕೂಡ್ಸ್ರಿ, ಟಿಸಿ ಆಮೇಲೆ ತರ್ರಿ" ಅಂದರು. ಐದು ನಿಮಿಷದ ಕೆಲಸ. ಆಮೇಲೆ ಮೂರನೇ ಸಲ ಊರಿಗೆ ಹೋಗಿ ಆಕೆ ಟಿಸಿ ತಂದಳು.

ಇದನ್ನು ಯಾಕೆ ಇಷ್ಟು ಉದ್ದ ಬರೀತಿದ್ದೀನಿ ಅಂದರೆ, "ಈಗ ಎಲ್ಲಾ ಫ್ರೀ ಐತಿ, ಆದ್ರೂ ಮಂದಿ ಮುಂದ ಬರೂದಿಲ್ಲ" ಅನ್ನೋ ಮಾತು ನನಗೆ ದಿನಾ ಕೇಳಿಸುತ್ತದೆ. ಕೇಳಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಇವರ ಕಾಗದ ಎಲ್ಲಾ ಊರಲ್ಲಿದೆ, ಹೊಟ್ಟೆ ಇಲ್ಲಿದೆ. ಒಂದೊಂದು ಕಾಗದಕ್ಕೂ ಒಂದೊಂದು ದಿನದ ದುಡಿಮೆ ಕೊಡಬೇಕು. ಫ್ರೀ ಯಾವುದು ಹೇಳಿ?

ರೇಷನ್ನಿನ ಕಥೆಯೂ ಅದೇ. ಕಾರ್ಡು ಯಾವ ಊರಿನದಾದರೂ ಅಕ್ಕಿಯನ್ನು ಬೇರೆ ಊರಿನ ಅಂಗಡಿಯಲ್ಲಿ ತಗೊಳ್ಳಬಹುದು, ಆ ವ್ಯವಸ್ಥೆ ಇದೆ. ಆದರೆ ಹೆಬ್ಬೆಟ್ಟು ಒತ್ತಬೇಕಲ್ವಾ? ದಿನಾ ಸಿಮೆಂಟು ಕಲಸಿ ಆಕೆಯ ಬೆರಳಿನ ಗೆರೆಗಳು ಸವೆದಿವೆ. ನಾನೇ ಜೊತೆಗೆ ನಿಂತು ನೋಡಿದೆ. ಬೆರಳನ್ನು ಸೆರಗಿಗೆ ಒರೆಸಿ ಒತ್ತಿದಳು, ಮಷಿನ್ ತಗೊಳ್ಳಲಿಲ್ಲ. ತಲೆಗೂದಲಿಗೆ ತಿಕ್ಕಿ ಎಣ್ಣೆ ಪಸೆ ಹತ್ತಿಸಿಕೊಂಡು ಒತ್ತಿದಳು, ಆಗಲೂ ಇಲ್ಲ. ಹಿಂದೆ ನಿಂತವರು ಗೊಣಗಲು ಶುರು ಮಾಡಿದರು. ಎಡಗೈ ಉಂಗುರಬೆರಳಿಗೆ ಕೊನೆಗೂ ಬೀಪ್ ಅಂತು. ಆಕೆಯ ಕಣ್ಣಲ್ಲಿ ನೀರಿತ್ತು.

ಪಕ್ಕದ ಶೆಡ್ಡಿನಲ್ಲಿ ಬಿಹಾರದವರಿದ್ದಾರೆ, ಪೇಂಟಿಂಗ್ ಕೆಲಸ. ಇಬ್ಬರು ಹೆಂಗಸರೂ ಒಂದೇ ಬಸ್ಸಿನಲ್ಲಿ ಸಂತೆಗೆ ಹೋಗುತ್ತಾರೆ. ಮುಂಡರಗಿಯವಳಿಗೆ ಶೂನ್ಯ ಟಿಕೆಟ್, ಬಿಹಾರದವಳು ದುಡ್ಡು ಕೊಡಬೇಕು, ಯಾಕೆಂದರೆ ಕರ್ನಾಟಕದ ವಿಳಾಸ ಇಲ್ಲ. ಆಕೆಯ ಮಗನಿಗೆ ಭಾಷೆಯ ತೊಡಕು ಬೇರೆ. ಮೇಡಂ ಹೇಳುವ ಕನ್ನಡ ತಲೆಗೆ ಹತ್ತದೆ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾನೆ. ಸಂಜೆ ಈ ಹುಡುಗಿಯೇ ಅವನಿಗೆ ಮರಳಿನ ಮೇಲೆ ಅ ಆ ಬರೆಸುತ್ತಾಳೆ.

ಗಂಡನಿಗೆ ಲೇಬರ್ ಕಾರ್ಡು ಮಾಡಿಸಲು ಹೋದಾಗ ಇನ್ನೊಂದು ಗಂಟು. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು. ಅವನು 90 ಅಲ್ಲ, 250 ದಿನ ದುಡಿದಿದ್ದಾನೆ. ಆದರೆ ಈ ಕಟ್ಟಡ ಹಿಡಿಯುವ ಮುಂಚೆ ಬೆಳಿಗ್ಗೆ ನಾಕಾದಲ್ಲಿ ನಿಂತು ಇವತ್ತು ಒಬ್ಬರ ಕೈಯಲ್ಲಿ, ನಾಳೆ ಇನ್ನೊಬ್ಬರ ಕೈಯಲ್ಲಿ ದುಡಿದವನು. ಸಹಿಗೆ ಯಾರನ್ನು ಹುಡುಕಬೇಕು? ಆ ಕಾರ್ಡಿದ್ದರೆ ಮಕ್ಕಳ ಓದಿಗೆ ಸಹಾಯಧನ ಸಿಗುತ್ತದೆ. ಅರ್ಜಿ ಇನ್ನೂ ಆ ಪ್ಲಾಸ್ಟಿಕ್ ಚೀಲದಲ್ಲೇ ಇದೆ.

ನಮ್ಮಪ್ಪನೂ ರೋಣ ಬಿಟ್ಟು ಬಂದವರು. ಮಳೆ ನಂಬಿದ ಎರೆ ಹೊಲ, ಒಂದು ವರ್ಷ ಉಳ್ಳಾಗಡ್ಡಿಗೆ ರೇಟು ಇಲ್ಲ, ಮುಂದಿನ ವರ್ಷ ಮಳೆಯೇ ಇಲ್ಲ. ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡಿದರು. ನಾನು ಪಿಯುಸಿ ಓದುವಾಗ ಸ್ಕಾಲರ್‌ಶಿಪ್ಪಿಗೆ ಜಾತಿ, ಆದಾಯ ಸರ್ಟಿಫಿಕೇಟ್ ಬೇಕಾಯಿತು. ಅಪ್ಪ ಊರಿಗೆ ಓಡಾಡಿ ತರುವಷ್ಟರಲ್ಲಿ ಕೊನೆಯ ದಿನ ಮುಗಿದಿತ್ತು. ಆ ರಾತ್ರಿ ಅಪ್ಪ ಊಟ ಮಾಡಲಿಲ್ಲ, ಗೋಡೆ ಕಡೆ ತಿರುಗಿ ಮಲಗಿದರು. ಆಕೆ ಚೀಲ ಸುರುವಿದಾಗ ನನಗೆ ಮೊದಲು ನೆನಪಾಗಿದ್ದು ಅದೇ ಬೆನ್ನು.

ಹುಡುಗಿ ಈಗ ಏಳನೇತ್ತೆ. ಲೆಕ್ಕದಲ್ಲಿ ಚುರುಕು. ಕಟ್ಟಡಕ್ಕೆ ಪ್ಲಾಸ್ಟರ್ ಮುಗಿಯುತ್ತಾ ಬಂದಿದೆ, ದೀಪಾವಳಿ ಆದ ಮೇಲೆ ಮೇಸ್ತ್ರಿ ಇವರನ್ನು ಧಾರವಾಡದ ಆಚೆಯ ಸೈಟಿಗೆ ಕಳಿಸುತ್ತಾನಂತೆ. ನಿನ್ನೆ ನೀರಿಗೆ ಬಂದಾಗ ಆಕೆ ಕೊಡ ಕೆಳಗಿಟ್ಟು ಕೇಳಿದಳು, "ಅಕ್ಕಾರ, ಮತ್ತ ಟಿಸಿ ತಗೀಬೇಕೇನ್ರಿ?"