ಪಕ್ಕದ ಮನೆಯಾಕೆಯ ಒಂದು ಫೋನ್

"ನಮ್ಮಮ್ಮ ಫೋನ್ ಮಾಡಿದ್ರು, ನಿಮ್ಮಪ್ಪ ಮಾಡಿದ್ರಾ?" ಅಂತ ಪಕ್ಕದ ಮನೆ ಹುಡುಗ ಮೊನ್ನೆ ನನ್ನ ಮಗಳನ್ನು ಕೇಳಿದ್ದಾನೆ. ಯಾರಿಗೆ ಗೊತ್ತಾ? ಇಲ್ಲಿನ ಸಂಸದರ ಕಚೇರಿಗೆ!

ನಾವಿರೋದು ಅಮೆರಿಕದ ವರ್ಜೀನಿಯಾದ ನಾರ್ಫೋಕ್‌ನಲ್ಲಿ. ಬೀದಿಗೊಬ್ಬರಾದರೂ ನೌಕಾಪಡೆಯವರು ಸಿಗುತ್ತಾರೆ. ಆ ಹುಡುಗನ ಅಪ್ಪನೂ ಅಷ್ಟೇ, ಹಡಗು ಹತ್ತಿದರೆ ತಿಂಗಳುಗಟ್ಟಲೆ ಮನೆ ಕಡೆ ಬರೋಲ್ಲ. ವರ್ಷದ ರಕ್ಷಣಾ ಮಸೂದೆಯನ್ನು ಚರ್ಚೆಗೆ ತನ್ನಿ, ಎಳೆದಾಡದೆ ಪಾಸ್ ಮಾಡಿ ಅಂತ ಆಕೆ ಫೋನ್ ಮಾಡಿದ್ದು. ಅವರ ಫ್ರಿಜ್ ಮೇಲೆ ಪಿಜ್ಜಾ ಕೂಪನ್ ಪಕ್ಕದಲ್ಲಿ ನಂಬರಿನ ಚೀಟಿ ಇದೆ. ಕೆಳಗೆ ಪೆನ್ಸಿಲ್‌ನಲ್ಲಿ ಎರಡೇ ವಿಷಯ: ಸಂಬಳ, ಕ್ವಾರ್ಟರ್ಸ್ ಗೋಡೆಯ ಬೂಷ್ಟು.

ಅರವತ್ತು ವರ್ಷಕ್ಕೂ ಮೇಲಾಯ್ತು, ಈ ಮಸೂದೆ ಒಂದು ವರ್ಷವೂ ತಪ್ಪಿಲ್ಲ. ಸಮಿತಿಯವರು ಒಂದೊಂದು ತಿದ್ದುಪಡಿಗೂ ಜಗಳ ಆಡುತ್ತಾ ಬೆಳಗಿನ ಜಾವದವರೆಗೂ ಕೂತಿದ್ದುಂಟು. 2020ರ ಕೊನೆಗೆ ಟ್ರಂಪ್ ವೀಟೊ ಹಾಕಿದಾಗ ಎರಡೂ ಸದನಗಳು ಆ ವೀಟೊವನ್ನೇ ತಳ್ಳಿಹಾಕಿದವು. 2024ರ ಡಿಸೆಂಬರ್‌ನಲ್ಲಿ ಬಂದ ಕಾಯ್ದೆಯಲ್ಲಿ ಕೆಳಹಂತದ ಸೈನಿಕರಿಗೆ ಶೇ. 14.5 ಸಂಬಳ ಏರಿತು. ಒಟ್ಟು ಮೊತ್ತ ಸುಮಾರು 895 ಬಿಲಿಯನ್ ಡಾಲರ್. ಅಷ್ಟು ದುಡ್ಡು ಯಾಕೆ ಬೇಕಪ್ಪಾ ಅನ್ನೋ ತಕರಾರು ನನಗಿದ್ದೇ ಇದೆ. ಮಜಾ ಏನಂದ್ರೆ ಈ ಮಸೂದೆ ಕೊಡೋದು ಬರೀ ಅನುಮತಿ. ದುಡ್ಡು ಬಿಡುಗಡೆಗೆ ಬೇರೆ ಮಸೂದೆ ಬೇಕು, ಅದಂತೂ ಇಲ್ಲಿನ ಹಣಕಾಸು ವರ್ಷ ಶುರುವಾಗೋ ಅಕ್ಟೋಬರ್ 1ರ ಗಡುವಿಗೆ ಆಗೋದು ಅಪರೂಪ. ಹಾಗಾಗಿ ಆಕೆ ಮತ್ತೆ ಫೋನ್ ಎತ್ತಬೇಕು.

ನಮ್ಮಲ್ಲೋ? 2018ರಲ್ಲಿ, ಮತ್ತೆ 2023ರಲ್ಲಿ, ಗದ್ದಲದ ಮಧ್ಯೆ ಲೋಕಸಭೆ ಎಲ್ಲ ಇಲಾಖೆಗಳ ಖರ್ಚಿಗೂ ಚರ್ಚೆಯೇ ಇಲ್ಲದೆ ಒಟ್ಟಿಗೆ ಒಪ್ಪಿಗೆ ಕೊಟ್ಟಿತು, ಸೇನೆಯ ಖರ್ಚೂ ಅದರಲ್ಲೇ ಹೋಯ್ತು. ವಾಟ್ಸಾಪ್‌ನಲ್ಲಿ ಯೋಧರಿಗೆ ಸಲಾಂ ಹೊಡೆಯುವ ನಮ್ಮ ಮನೆಯವರ ಗುಂಪಿನಲ್ಲಿ ಒಬ್ಬರಾದರೂ ಅದರ ಬಗ್ಗೆ ಮಾತಾಡಿದ್ದು ನನಗೆ ನೆನಪಿಲ್ಲ. ನಾನೂ ಆ ಗುಂಪಿನಲ್ಲೇ ಇದ್ದೀನಿ ಬಿಡಿ.

ನಮ್ಮ ಚಿಕ್ಕಪ್ಪ ಮರಾಠಾ ಲೈಟ್ ಇನ್‌ಫೆಂಟ್ರಿಯಲ್ಲಿ ಇದ್ದವರು. ರಜೆಗೆ ಬಂದಾಗಲೆಲ್ಲ ಊರಿನ ಶಾಲೆಯಲ್ಲಿ ಹಾರ, ಶಾಲು, ಭಾಷಣ. ಹಿಮದಲ್ಲಿ ಬೂಟು ಸರಿ ಇತ್ತಾ, ರಜೆ ಸರಿಯಾಗಿ ಸಿಕ್ತಾ ಅಂತ ಯಾರೂ ಕೇಳುತ್ತಿರಲಿಲ್ಲ. ಈ ಫೋನ್ ಕಥೆ ಹೇಳಿದರೆ ಬಿದ್ದು ಬಿದ್ದು ನಕ್ಕರು. "ಸಾಹೇಬ್ರು ಬರ್ತಾರ, ಶಾಲು ಹೊದಿಸಿ ಫೋಟೊ ತಗಸ್ಕೊಂಡು ಹೋಗ್ತಾರ. ಅವರನ್ನ ಏನ್ ಕೇಳೂದೋ ತಮ್ಮಾ?"

ಲೋಕಸಭೆಯ ವೆಬ್‌ಸೈಟ್ ನೋಡಿ ಅವರ ಸಂಸದರ ನಂಬರ್ ಕೊಟ್ಟೆ. ಬರ್ಕೊಂಡಿದ್ದಾರೆ. ಮೊದಲು ಪೆನ್ಷನ್ ಬಾಕಿ ಕೇಳ್ತಾರಂತೆ, ಆಮೇಲೆ ಬಜೆಟ್ ಚರ್ಚೆ.