ಹಳೇ ಬಿಎಂಡಬ್ಲ್ಯು ತಗೊಳ್ಳಲಾ, ತಗೊಂಡ್ರೆ ಏನೇನು ಮಾಡಿಸಲಿ?

ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸಿದರೂ ಇದೇ ಪ್ರಶ್ನೆ. ಬಿ.ಎಚ್. ರಸ್ತೆಯ ಪೆಟ್ರೋಲ್ ಬಂಕಿನಲ್ಲೂ ಇದೇ ಪ್ರಶ್ನೆ. "ಅಣ್ಣಾ, ಹಳೇ ಬಿಎಂಡಬ್ಲ್ಯು ಒಂದು ನೋಡಿದೀನಿ. ಹೊಸ ಸ್ವಿಫ್ಟ್ ರೇಟಿಗೇ ಕೊಡ್ತಾರಂತೆ. ತಗೊಳ್ಳಲಾ? ತಗೊಂಡ್ರೆ ಏನೇನು ಮಾಡಿಫೈ ಮಾಡಿಸ್ಲಿ?"

ನನ್ನ ಹತ್ತಿರ ಇರುವುದು 2010ರ ಬಿಎಂಡಬ್ಲ್ಯು 330ಐ. ಇ90 ಅಂತ ಕರೆಯುತ್ತಾರಲ್ಲ, ಆ ಬಾಡಿ. ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು. ತುಮಕೂರಿನಲ್ಲೇ ಇಟ್ಟುಕೊಂಡು ಓಡಿಸುತ್ತಿದ್ದೇನೆ. ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ: ತಗೊಳ್ಳಿ, ಆದರೆ ಮೊದಲ ದುಡ್ಡೆಲ್ಲ ಕಣ್ಣಿಗೆ ಕಾಣದ ಜಾಗಕ್ಕೆ ಹೋಗಬೇಕು. ವಾಟರ್ ಪಂಪು, ಸೋರದ ಹಾಗೆ ತಡೆಯುವ ಗ್ಯಾಸ್ಕೆಟ್ಟು, ಕೀಲುಗಳಲ್ಲಿ ಕೂರುವ ರಬ್ಬರ್ ಬುಷ್ಷು, ಟೈರು. ಪವರ್ ಜಾಸ್ತಿ ಮಾಡಿಸುವ ಮಾತು ಆಮೇಲೆ. ಅಷ್ಟು ಹೊತ್ತಿಗೆ ಆ ಆಸೆಯೇ ಹೋಗಿರುತ್ತದೆ, ಯಾಕೆಂದರೆ ಕಾರು ಕಂಪನಿಯವರು ಮಾಡಿದ ಹಾಗೆ ಓಡಲು ಶುರು ಮಾಡಿರುತ್ತದೆ.

ಇದನ್ನು ಕೇಳಿದ ತಕ್ಷಣ ಹುಡುಗರ ಮುಖ ಸಪ್ಪೆ ಆಗುತ್ತದೆ. ಅವರಿಗೆ ಬೇಕಾದದ್ದು ಎಕ್ಸಾಸ್ಟ್ ಸದ್ದು, ಪವರ್ ಏರಲಿ ಅಂತ ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವ ರೀಮ್ಯಾಪ್, ನೆಲಕ್ಕೆ ತಾಗುವ ಹಾಗೆ ಇಳಿಸಿದ ಸ್ಪ್ರಿಂಗ್. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಎಂಜಿನ್ ವಿಷಯ. ಇದರ ಹೆಸರು ಎನ್52. ಮೂರು ಲೀಟರ್, ಸಾಲಾಗಿ ಆರು ಸಿಲಿಂಡರ್, 258 ಎಚ್‌ಪಿ, ಟರ್ಬೋ ಇಲ್ಲ. ಸಾಲಾಗಿ ಆರು ಸಿಲಿಂಡರ್ ಇದ್ದರೆ ಒಂದು ಪಿಸ್ಟನ್ನಿನ ಕುಲುಕಾಟವನ್ನು ಇನ್ನೊಂದು ಸರಿದೂಗಿಸುತ್ತದೆ. ಅದಕ್ಕೇ ಇದು ಅಷ್ಟು ನಯವಾಗಿ ತಿರುಗುತ್ತದೆ. ಇಡೀ ಎಂಜಿನ್ ತೂಕ 161 ಕೆ.ಜಿ. ಮಾತ್ರ. ಬ್ಲಾಕಿನ ಹೊರಮೈ ಮ್ಯಾಗ್ನೀಸಿಯಂ, ಒಳಗೆ ಸಿಲಿಂಡರ್ ಸುತ್ತ ಅಲ್ಯೂಮಿನಿಯಂ. ಎಂಜಿನ್ ತಣ್ಣಗಿಡಲು ಒಳಗೆ ಓಡಾಡುವ ಕೂಲಂಟ್ ನೀರು ತಾಗಿದರೆ ಮ್ಯಾಗ್ನೀಸಿಯಂ ತುಕ್ಕು ಹಿಡಿಯುತ್ತದೆ. ಅದಕ್ಕೆ ನೀರು ಓಡಾಡುವ ಜಾಗವೆಲ್ಲ ಅಲ್ಯೂಮಿನಿಯಂನಲ್ಲಿ ಮಾಡಿದ್ದಾರೆ. ಮ್ಯಾಗ್ನೀಸಿಯಂಗೆ ಸ್ಟೀಲ್ ಬೋಲ್ಟ್ ಹಾಕಿದರೂ ಅದೇ ಕಥೆ, ಹಾಗಾಗಿ ಬೋಲ್ಟ್‌ಗಳೂ ಅಲ್ಯೂಮಿನಿಯಮ್ಮೇ. ಬಿಗಿ ಮಾಡಿದಾಗ ಅವು ಹಿಗ್ಗುತ್ತವೆ. ಒಂದು ಸಲ ಬಿಚ್ಚಿದರೆ ಎಸೆದು ಹೊಸದು ಹಾಕಬೇಕು. ನಿಮ್ಮ ಮೆಕ್ಯಾನಿಕ್ ಹಳೇ ಬೋಲ್ಟ್ ಒರೆಸಿ ಮತ್ತೆ ಹಾಕಲು ಹೊರಟರೆ ಅಲ್ಲೇ ಕೈ ಹಿಡಿಯಿರಿ. ಗೊತ್ತಿಲ್ಲದ ಮೆಕ್ಯಾನಿಕ್ಕನ್ನು ಅಳೆಯಲು ನಾನು ಕೇಳುವ ಮೊದಲ ಪ್ರಶ್ನೆಯೇ ಇದು.

ಈಗ ನೀರಿನ ವಿಷಯ. ತುಮಕೂರಿನಲ್ಲಿ ಈ ಕಾರು ಉಳಿಯುವುದೂ ಹಾಳಾಗುವುದೂ ಇಲ್ಲೇ.

ಎನ್52ರಲ್ಲಿ ವಾಟರ್ ಪಂಪ್ ಬೆಲ್ಟಿನಿಂದ ತಿರುಗುವುದಿಲ್ಲ, ಕರೆಂಟಿನಿಂದ ತಿರುಗುತ್ತದೆ. ಎಷ್ಟು ಬೇಕೋ ಅಷ್ಟೇ ನೀರು ಓಡಿಸುತ್ತದೆ. ಒಳ್ಳೆ ಯೋಚನೆ. ಆದರೆ ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಹೇಳದೆ ಕೇಳದೆ ನಿಂತುಬಿಡುತ್ತದೆ. ಹಳೇ ಪಂಪ್ ಸೋರಿಯೋ ಸದ್ದು ಮಾಡಿಯೋ ಮುಂಚೆಯೇ ಸೂಚನೆ ಕೊಡುತ್ತಿತ್ತು. ಇದು ಕೊಡುವುದು ಅಪರೂಪ. ಜೊತೆಗೆ ಮೀಟರಿನಲ್ಲಿ ಕೂಲಂಟ್ ಬಿಸಿ ತೋರಿಸುವ ಮುಳ್ಳೇ ಇಲ್ಲ. ಹಳದಿ ದೀಪ, ಆಮೇಲೆ ಕೆಂಪು ದೀಪ, ಅಷ್ಟೇ. ಏಪ್ರಿಲ್ ಬಿಸಿಲಲ್ಲಿ ಡಾಬಸ್‌ಪೇಟೆ ಹತ್ತಿರ ಲಾರಿಗಳ ಮಧ್ಯೆ ಸಿಕ್ಕಿಕೊಂಡಾಗ ಕೆಂಪು ದೀಪ ಬಂದರೆ, ಗಾಡಿ ಪಕ್ಕಕ್ಕೆ ಹಾಕಿ ಆಫ್ ಮಾಡುವುದೊಂದೇ ದಾರಿ. "ಇನ್ನೇನು ತುಮಕೂರು ಬಂತು" ಅಂತ ಓಡಿಸಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬೆಂಡ್ ಆಗುತ್ತದೆ. ಆ ಖರ್ಚಿನ ಮುಂದೆ ಪಂಪಿನ ಖರ್ಚು ಏನೂ ಅಲ್ಲ.

ಆದ್ದರಿಂದ ಕಾರು ಮನೆಗೆ ಬಂದ ಕೂಡಲೇ ಪಂಪು, ಬಿಸಿಗೆ ತಕ್ಕ ಹಾಗೆ ಕೂಲಂಟ್ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟು ಎರಡೂ ಒಟ್ಟಿಗೆ ಹೊಸದು ಹಾಕಿಸಿ. ಮೊದಲ ಓನರ್ ಬಿಲ್ ತೋರಿಸಿದರೆ ಮಾತ್ರ ಬಿಡಿ. ಎರಡೂ ಅಕ್ಕಪಕ್ಕ ಇರುತ್ತವೆ, ಕೂಲಿ ಒಂದೇ.

ಪಂಪ್ ಹಾಕಿದ ಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ ತೆಗೆಯಬೇಕಲ್ಲ, ಆ ವಿಧಾನ ನನಗೆ ಬಹಳ ಇಷ್ಟ. ಕೂಲಂಟ್ ತುಂಬಿಸಿ, ಬ್ಯಾಟರಿಗೆ ಚಾರ್ಜರ್ ಹಚ್ಚಬೇಕು. ಇಗ್ನಿಷನ್ ಆನ್ ಮಾಡಬೇಕು, ಎಂಜಿನ್ ಸ್ಟಾರ್ಟ್ ಮಾಡಬಾರದು. ಹೀಟರ್ ಪೂರ್ತಿ ಬಿಸಿಗೆ, ಫ್ಯಾನ್ ಕಡಿಮೆ ಪಾಯಿಂಟಿಗೆ ಇಡಬೇಕು. ಆಮೇಲೆ ಆಕ್ಸಿಲರೇಟರನ್ನು ಹತ್ತು ಸೆಕೆಂಡ್ ಪೂರ್ತಿ ಒತ್ತಿ ಹಿಡಿಯಬೇಕು. ಕಾಲು ತೆಗೆದರೆ, ಸುಮ್ಮನಿರುವ ಎಂಜಿನ್ ಕೆಳಗಿನಿಂದ ಗುಂಯ್ ಅಂತ ಸಣ್ಣ ಸದ್ದು ಶುರುವಾಗುತ್ತದೆ. ಪಂಪ್ ತಾನೇ ನಿಧಾನಕ್ಕೆ, ಜೋರಾಗಿ, ಮತ್ತೆ ನಿಧಾನಕ್ಕೆ ತಿರುಗುತ್ತಾ ಸುಮಾರು 12 ನಿಮಿಷ ಗಾಳಿ ಹೊರಹಾಕುತ್ತದೆ. ಟ್ಯಾಂಕಿನಲ್ಲಿ ಮಟ್ಟ ಇಳಿದರೆ ಮತ್ತೆ ಹಾಕಿ ಇನ್ನೊಂದು ಸುತ್ತು. ಇದು ಗೊತ್ತಿಲ್ಲದವರು ಎಂಜಿನ್ ಸ್ಟಾರ್ಟ್ ಮಾಡಿ ರೇಸ್ ಕೊಡುತ್ತಾರೆ. ಗಾಳಿ ಹಾಗೇ ಉಳಿಯುತ್ತದೆ. ಹೊಸ ಪಂಪಿದ್ದರೂ ಗಾಡಿ ಹೀಟ್ ಆಗುತ್ತದೆ.

ದಯವಿಟ್ಟು ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆ ನೀರು ಎಷ್ಟು ಗಡಸು ಅಂತ ನಿಮ್ಮ ಮನೆಯ ಗೀಸರ್ ಕಾಯಿಲ್ ತೆಗೆದು ನೋಡಿದರೆ ಗೊತ್ತಾಗುತ್ತದೆ. ಅದೇ ಬಿಳಿ ಪೊರೆ ರೇಡಿಯೇಟರಿನ ಸಣ್ಣ ದಾರಿಗಳಲ್ಲೂ ಕಟ್ಟುತ್ತದೆ. ಅರ್ಧ ಕೂಲಂಟ್, ಅರ್ಧ ಡಿಸ್ಟಿಲ್ಡ್ ವಾಟರ್. ನಾನು ಡಿಕ್ಕಿಯಲ್ಲಿ ಯಾವಾಗಲೂ ಒಂದು ಕ್ಯಾನ್ ಕಲಸಿ ಇಟ್ಟಿರುತ್ತೇನೆ. ಹೆದ್ದಾರಿ ಪಕ್ಕದ ಗ್ಯಾರೇಜಿನವರು ಒಳ್ಳೆ ಮನಸ್ಸಿನಿಂದಲೇ ಕೊಡದಲ್ಲಿ ನೀರು ತರುತ್ತಾರೆ. ಅವರಿಗೆ ಬೇಡ ಅನ್ನಲು ಆ ಕ್ಯಾನ್ ಬೇಕು.

ಇನ್ನೊಂದು ಮಾತು. ಸ್ಕ್ಯಾನರ್ ಹಾಕಿ ನೋಡಿದವರು ಗಾಬರಿಯಾಗಿ ಫೋನ್ ಮಾಡುತ್ತಾರೆ, "ಅಣ್ಣಾ, ಕೂಲಂಟ್ 108 ಡಿಗ್ರಿ ತೋರಿಸ್ತಾ ಇದೆ!" ಅದು ಸರಿಯಾಗೇ ಇದೆ. ನಿಧಾನಕ್ಕೆ ಓಡಿಸುವಾಗ ಈ ಎಂಜಿನ್ ಬೇಕೆಂತಲೇ ಅಷ್ಟು ಬಿಸಿಯಲ್ಲಿ ಇರುತ್ತದೆ, ಪೆಟ್ರೋಲ್ ಉಳಿಯಲಿ ಅಂತ. ಜೋರಾಗಿ ಓಡಿಸಿದರೆ ಥರ್ಮೋಸ್ಟಾಟ್ ತೆರೆದುಕೊಂಡು ಬಿಸಿ ತಾನೇ ಇಳಿಸುತ್ತದೆ. ಒಳಗೆ ಒತ್ತಡ ಇರುವುದರಿಂದ ಕೂಲಂಟ್ ಕುದಿಯುವುದಿಲ್ಲ. ಅದೇ ಕಾರಣಕ್ಕೆ ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬಾರದು.

ನೀರಾದ ಮೇಲೆ ಆಯಿಲ್. ಆಯಿಲ್ ಫಿಲ್ಟರ್ ಕೂರುವ ಹೌಸಿಂಗ್ ಕೆಳಗೆ ಒಂದು ರಬ್ಬರ್ ಗ್ಯಾಸ್ಕೆಟ್ ಇದೆ. ಕೈಯಲ್ಲಿ ಹಿಡಿದರೆ ಬೆರಳಿಗಿಂತ ದೊಡ್ಡದೇನಲ್ಲ. ವರ್ಷಗಟ್ಟಲೆ ಬಿಸಿಗೆ ಅದು ಗಟ್ಟಿಯಾಗಿ, ಪ್ಲಾಸ್ಟಿಕ್ ತುಂಡಿನ ಹಾಗೆ ಮುರಿಯುತ್ತದೆ. ಆಗ ಆಯಿಲ್ ಮುಂದಿನ ಬೆಲ್ಟ್ ಮೇಲೆ ಇಳಿಯುತ್ತದೆ. ನೆಂದ ಬೆಲ್ಟ್ ಊದಿಕೊಂಡು ಪುಲ್ಲಿಯಿಂದ ಜಾರುತ್ತದೆ, ಎಳೆ ಎಳೆಯಾಗಿ ಎಂಜಿನ್ನಿನ ಮುಖ್ಯ ದಂಡದ ಸುತ್ತ ಇರುವ ಕ್ರ್ಯಾಂಕ್ ಸೀಲ್ ಒಳಗೇ ನುಗ್ಗಬಹುದು. ಹಾಗಾದರೆ ಎಂಜಿನ್ ಕೆಳಗಿನ ಆಯಿಲ್ ತೊಟ್ಟಿ, ಅಂದರೆ ಸಂಪ್, ಇಳಿಸಿ ಆ ಎಳೆಗಳನ್ನು ಹೆಕ್ಕಿ ತೆಗೆಯಬೇಕು. ಗ್ಯಾಸ್ಕೆಟ್ ಬೆಲೆಗೂ ಈ ಕೆಲಸಕ್ಕೂ ಸಂಬಂಧವೇ ಇಲ್ಲ. ಮೇಲಿನ ವಾಲ್ವ್ ಕವರ್ ಗ್ಯಾಸ್ಕೆಟ್ ಕೂಡ ಇದೇ ವಯಸ್ಸಿನಲ್ಲಿ ಸೋರುತ್ತದೆ. ಬಿಸಿಯಾದಾಗ ಆಯಿಲ್ ಸುಟ್ಟ ವಾಸನೆ ಎಸಿ ದಾರಿಯಲ್ಲಿ ಒಳಗೆ ಬಂದರೆ ಮೊದಲು ಅದನ್ನೇ ನೋಡಿಸಿ. ಎಂಜಿನ್‌ಗೆ ಹಿಡಿಯುವ ಆಯಿಲ್ ಆರೂವರೆ ಲೀಟರ್. ಡಿಪ್‌ಸ್ಟಿಕ್ ಇಲ್ಲ. ಮಟ್ಟ ನೋಡುವುದು ಮೀಟರಿನ ಸ್ಕ್ರೀನಿನಲ್ಲಿ.

ಪಾರ್ಟ್ಸ್ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಪಾರ್ಟ್ ನಂಬರ್ ಗೊತ್ತಿದ್ದರೆ ಎಲ್ಲ ಸಿಗುತ್ತದೆ. ಶಾಸಿ ನಂಬರಿನ ಕೊನೆಯ ಏಳು ಅಕ್ಷರ ಕೊಟ್ಟರೆ ನಿಮ್ಮ ಕಾರಿಗೆ ಯಾವ ನಂಬರಿನ ಪಾರ್ಟ್ ಅಂತ ಕರಾರುವಾಕ್ಕಾಗಿ ತೆಗೆಯಬಹುದು. ಆ ನಂಬರ್ ಹಿಡಿದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ, ಆನ್‌ಲೈನಿನಲ್ಲೂ ಹುಡುಕಿ. ಪಂಪ್ ಪಿಯರ್‌ಬರ್ಗ್ ಕಂಪನಿಯದು, ಮುಂದಿನ ಚಕ್ರವನ್ನು ಹಿಡಿದಿಡುವ ಲೋವರ್ ಆರ್ಮ್ ಲೆಮ್‌ಫೋರ್ಡರ್‌ದು. ಬಿಎಂಡಬ್ಲ್ಯು ಡಬ್ಬಿಯಲ್ಲಿ ಬರುವುದೂ ಅವರದ್ದೇ. ಎಷ್ಟೋ ಪಾರ್ಟ್‌ಗಳ ಮೇಲೆ ಬಿಎಂಡಬ್ಲ್ಯು ಮುದ್ರೆ ಇದ್ದ ಜಾಗವನ್ನು ಉಜ್ಜಿ ಅಳಿಸಿರುವುದು ಕಾಣುತ್ತದೆ. ಬೆಲೆ ಮಾತ್ರ ಬಹಳ ಕಡಿಮೆ. ಹೆಸರಿಲ್ಲದ ಡಬ್ಬಿಯ ಪಂಪ್ ಮಾತ್ರ ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ.

ಇಷ್ಟಾದ ಮೇಲೆ ಮಾಡಿಫೈ ಮಾತಾಡೋಣ. ನಾನು ಮಾಡಿಸಿರುವುದೆಲ್ಲ ನಮ್ಮ ರಸ್ತೆ ಕೇಳಿದ್ದು.

ಕಂಪನಿಯಿಂದ ಬಂದದ್ದು ರನ್‌ಫ್ಲಾಟ್ ಟೈರು. ಗಾಳಿ ಹೋದರೂ ಸ್ವಲ್ಪ ದೂರ ಓಡುತ್ತವೆ, ಅದಕ್ಕೆ ಸ್ಟೆಪ್ನಿಯನ್ನೇ ಕೊಟ್ಟಿಲ್ಲ. ಆದರೆ ಅದರ ಪಕ್ಕದ ಗೋಡೆ ಎಷ್ಟು ಗಡಸು ಅಂದರೆ ಪ್ರತಿ ಗುಂಡಿಯೂ ಬೆನ್ನಿಗೆ ಗೊತ್ತಾಗುತ್ತದೆ. ಅವನ್ನು ತೆಗೆದು 17 ಇಂಚಿನ ವೀಲಿಗೆ ಮಾಮೂಲಿ ಟೈರ್ ಹಾಕಿದೆ, ನಾಲ್ಕೂ ಒಂದೇ ಅಳತೆ. ಡಿಕ್ಕಿಯಲ್ಲಿ ಪಂಚರ್ ಕಿಟ್ಟು, ಗಾಳಿ ಹೊಡೆಯುವ ಪಂಪು ಇದೆ. ಈ ಕಾರಿಗೆ ನಾನು ಮಾಡಿಸಿದ್ದರಲ್ಲಿ ದುಡ್ಡಿಗೆ ಹೆಚ್ಚು ಬೆಲೆ ಬಂದದ್ದು ಇದರಿಂದಲೇ. ದೊಡ್ಡ ವೀಲ್ ಚೆಂದ ಕಾಣುತ್ತದೆ, ನಿಜ. ಗುಬ್ಬಿ ಗೇಟ್ ಕಡೆ ಮಳೆಗಾಲದಲ್ಲಿ ಒಂದು ರೌಂಡ್ ಹೋಗಿ ಬಂದರೆ ರಿಮ್ ಕಥೆ ಏನು ಅಂತ ಗೊತ್ತಾಗುತ್ತದೆ.

ಮುಂದಿನ ಲೋವರ್ ಆರ್ಮ್ ಬುಷ್ ಒಳಗೆ ಆಯಿಲ್ ತುಂಬಿರುತ್ತದೆ. ಹಂಪ್ ಹತ್ತಿ ಇಳಿದು ಅದು ಒಡೆದರೆ, ಜೋರಾಗಿ ಹೋಗುವಾಗ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತದೆ. ಜನ ಡಿಸ್ಕ್ ಬೆಂಡ್ ಆಗಿದೆ ಅಂತ ಡಿಸ್ಕ್ ಬದಲಾಯಿಸುತ್ತಾರೆ. ನಾನು ಇದೇ ಪೀಳಿಗೆಯ, ಇದರ ಜೋರು ಓಟದ ಅಣ್ಣ ಎಂ3 ಕಾರಿನ ಆರ್ಮ್‌ಗಳನ್ನು ಹಾಕಿಸಿದೆ. ಏನೂ ಕತ್ತರಿಸದೆ ಅದೇ ಜಾಗದಲ್ಲಿ ಕೂರುತ್ತವೆ. ಶಾಕ್ ಅಬ್ಸಾರ್ಬರ್ ಬಿಲ್‌ಸ್ಟೀನ್ ಬಿ6, ಕಂಪನಿಯ ಎತ್ತರದ ಸ್ಪ್ರಿಂಗಿಗೇ ಮಾಡಿದ್ದು. ಗಾಡಿ ಒಂದಿಂಚೂ ಇಳಿದಿಲ್ಲ. ಆದರೆ ದೇವರಾಯನದುರ್ಗದ ತಿರುವುಗಳಲ್ಲಿ ಈಗ ಸ್ಟೀರಿಂಗ್ ತಿರುಗಿಸಿದ ಕೂಡಲೇ ಮೂತಿ ಒಳಗೆ ಬರುತ್ತದೆ. ಮೊದಲು ಒಂದು ಕ್ಷಣ ಯೋಚಿಸಿ ಬರುತ್ತಿತ್ತು. ಬೆಳಗ್ಗೆ ಬೇಗ, ಮಂಗಗಳು ರಸ್ತೆಗೆ ಇಳಿಯುವ ಮುಂಚೆ, ಎರಡನೇ ಗೇರಿನಲ್ಲಿ ಆ ಆರು ಸಿಲಿಂಡರ್ ಸದ್ದು ಕೇಳುತ್ತಾ ಹತ್ತುವುದಿದೆಯಲ್ಲ, ನಾನು ಈ ಕಾರು ಇಟ್ಟುಕೊಂಡಿರುವುದೇ ಅದಕ್ಕೆ.

ಬ್ರೇಕ್ ದೊಡ್ಡದು ಹಾಕಿಸಬೇಕಾ? ಬೇಡ. 330ಐಗೆ ಮುಂದಿನ ಡಿಸ್ಕೇ 330 ಎಂ.ಎಂ. ಇದೆ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ ಸಾಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ, ಇಳಿಜಾರಿನಲ್ಲಿ ಬಿಸಿಯಾದರೆ ಪೆಡಲ್ ಮೆತ್ತಗಾಗುತ್ತದೆ.

ರೀಮ್ಯಾಪ್? ಟರ್ಬೋ ಇಲ್ಲದ ಎಂಜಿನ್‌ಗೆ ಸಿಗುವುದು ತೀರಾ ಸ್ವಲ್ಪ. ಗಾಳಿಯನ್ನು ಒತ್ತಿ ತುಂಬುವ ಟರ್ಬೋ ಇದ್ದರೆ ಆ ಒತ್ತಡ ಏರಿಸಬಹುದು, ಇಲ್ಲಿ ಏರಿಸಲು ಏನಿದೆ? ಅದೇ ದುಡ್ಡಿಗೆ ಸ್ಪಾರ್ಕ್ ಪ್ಲಗ್, ಕಾಯಿಲ್ ಹೊಸದು ಹಾಕಿಸಿದರೆ ಕಳೆದುಹೋದ ಪಿಕಪ್ ವಾಪಸ್ ಬರುತ್ತದೆ.

ಎಕ್ಸಾಸ್ಟ್ ಮುಟ್ಟಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಈ ವಯಸ್ಸಿನ ಕಾರುಗಳಿಗೆ ಈಗ 15 ವರ್ಷ ತುಂಬುತ್ತಿದೆ. ಆರ್.ಸಿ. ರಿನ್ಯೂ ಮಾಡಿಸಲು ಆರ್‌ಟಿಒ ಮುಂದೆ ನಿಲ್ಲಿಸಬೇಕು. ಅಲ್ಲಿ ಗಾಡಿ ಕಾಗದದಲ್ಲಿ ಇರುವ ಹಾಗೆ ಇರಬೇಕು.

ಮೈಲೇಜ್ ಕೇಳದೆ ಯಾರೂ ಬಿಡುವುದಿಲ್ಲ. ಊರೊಳಗೆ 7-8, ಹೈವೇಯಲ್ಲಿ 11-12. ಈ ಕಾರನ್ನು ಶೇ. 10ರವರೆಗಿನ ಎಥನಾಲ್‌ಗೆ ಮಾಡಿದ್ದು, ಈಗ ಬಂಕುಗಳಲ್ಲಿ ಸಿಗುವುದು ಶೇ. 20ರದ್ದು. ಹಾಗಾಗಿ ಪೆಟ್ರೋಲ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಓಡಿಸುತ್ತಿರಿ. ಇಂಧನದ ರಬ್ಬರ್ ಪೈಪುಗಳ ಮೇಲೂ ಕಣ್ಣಿಡಿ.

ನೀವು ನೋಡಿರುವುದು ಇದೇ ಕಾರಿನ ಡೀಸೆಲ್ ಮಾದರಿ 320ಡಿ ಆಗಿದ್ದರೆ ವಿಷಯ ಬೇರೆ. ಅದರ ಎನ್47 ಡೀಸೆಲ್ ಎಂಜಿನ್ನಿನಲ್ಲಿ ವಾಲ್ವ್‌ಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಸವೆದರೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ಬೆಳಗ್ಗೆ ತಣ್ಣಗಿರುವಾಗಲೇ ಹೋಗಿ ಸ್ಟಾರ್ಟ್ ಮಾಡಿಸಿ, ಹಿಂದಿನಿಂದ ಗರಗರ ಸದ್ದು ಬಂದರೆ ಕೈಮುಗಿದು ಬನ್ನಿ.

330ಐ ಆಗಿದ್ದರೂ ತಣ್ಣಗಿರುವಾಗಲೇ ನೋಡಿ. ಮಾರುವವರು ನೀವು ಬರುವ ಮುಂಚೆಯೇ ಬಿಸಿ ಮಾಡಿ ಇಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಅನ್ನಿ. ಬಾನೆಟ್ ಎತ್ತಿ ಫಿಲ್ಟರ್ ಹೌಸಿಂಗ್ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಪಂಪಿನ ಬಿಲ್ ಕೇಳಿ. ಕಾರಿನ ಬೆಲೆಯ ಕಾಲು ಭಾಗದಷ್ಟಾದರೂ ದುಡ್ಡು ಪಕ್ಕಕ್ಕೆ ಇಟ್ಟುಕೊಂಡಿದ್ದರೆ ಮಾತ್ರ ಅಡ್ವಾನ್ಸ್ ಕೊಡಿ. ಕೊಡುವ ಮುಂಚೆ ಶಾಸಿ ನಂಬರಿನ ಕೊನೆಯ ಏಳು ಅಕ್ಷರ ಬರೆದುಕೊಂಡು ಬನ್ನಿ. ಪಾರ್ಟ್ಸ್ ಪಟ್ಟಿ ತೆಗೆದು, ಯಾವುದು ಮೊದಲು ಯಾವುದು ಆಮೇಲೆ ಅಂತ ಕೂತು ಬರೆಯೋಣ.