ಲಂಡನ್ ಟ್ಯೂಬಿನಲ್ಲಿ ಬ್ಯಾಗು ಯಾರು ನೋಡುತ್ತಾರೆ?

ಊರಿಂದ ಬಂದ ಅಮ್ಮನನ್ನು ಮೊದಲ ಸಲ ಟ್ಯೂಬಿಗೆ, ಅಂದರೆ ಲಂಡನ್ನಿನ ನೆಲದಡಿಯ ರೈಲಿಗೆ, ಹತ್ತಿಸಿದಾಗ ಅವರು ಕೇಳಿದ್ದು ಇದೇ: "ಯಾರೂ ಬ್ಯಾಗ್ ನೋಡ್ಲೇ ಇಲ್ವಲ್ಲೋ?" ನಮ್ಮ ಮೆಟ್ರೊದಲ್ಲಿ ಬ್ಯಾಗನ್ನು ಸ್ಕ್ಯಾನರಿಗೆ ಹಾಕಿ, ಮೆಟಲ್ ಡಿಟೆಕ್ಟರ್ ದಾಟಿ ಅಭ್ಯಾಸ. ಇಲ್ಲಿ ಕಾರ್ಡ್ ತಾಗಿಸಿದರೆ ಗೇಟು ತೆರೆಯುತ್ತದೆ, ಅಷ್ಟೇ.

ಹಾಗಂತ ಈ ಊರು ಪೆಟ್ಟು ತಿಂದಿಲ್ಲ ಅಂತಲ್ಲ. 1991ರಲ್ಲಿ ವಿಕ್ಟೋರಿಯಾ ಸ್ಟೇಷನ್ನಿನ ಕಸದ ಡಬ್ಬಿಯಲ್ಲಿ ಇಟ್ಟಿದ್ದ ಬಾಂಬ್ ಒಬ್ಬರನ್ನು ಕೊಂದಿತು. 2005ರ ಜುಲೈ 7ರ ಬೆಳಿಗ್ಗೆ ಮೂರು ಟ್ಯೂಬ್ ರೈಲು ಮತ್ತು ಒಂದು ಬಸ್ಸಿನಲ್ಲಿ ಬಾಂಬ್ ಸಿಡಿದು 52 ಜನ ಸತ್ತರು. ಹೈಡ್ ಪಾರ್ಕಿನಲ್ಲಿ ಅವರ ನೆನಪಿಗೆ 52 ಉಕ್ಕಿನ ಕಂಬಗಳಿವೆ.

ಆದರೂ ತಪಾಸಣೆ ಯಾಕಿಲ್ಲ? ಬೆಳಗಿನ ಹೊತ್ತಿನಲ್ಲಿ ಒಬ್ಬೊಬ್ಬರ ಬ್ಯಾಗೂ ನೋಡುತ್ತಾ ನಿಂತರೆ ಸಾಲು ರಸ್ತೆಗೆ ಬರುತ್ತದೆ. ಕೇಡು ಮಾಡುವವನಿಗೆ ಆ ಸಾಲೇ ಸಾಕಲ್ವಾ? ಅದಕ್ಕೇ ಇಲ್ಲಿ ಕ್ಯಾಮೆರಾ, ಸಿಬ್ಬಂದಿ, ಪ್ರಯಾಣಿಕರ ಕಣ್ಣು, ಇವುಗಳ ಮೇಲೆ ಭಾರ ಜಾಸ್ತಿ. ಅನುಮಾನ ಬಂದರೆ ರೈಲ್ವೆ ಪೊಲೀಸರಿಗೆ 61016ಕ್ಕೆ ಮೆಸೇಜ್ ಮಾಡಿ ಅಂತ ಮೈಕಿನಲ್ಲಿ ಹೇಳುತ್ತಲೇ ಇರುತ್ತಾರೆ.

ಒಮ್ಮೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ನೀಲಿ ಬ್ಯಾಗೊಂದು ಒಂಟಿಯಾಗಿ ಕೂತಿತ್ತು. ಸಿಬ್ಬಂದಿಯ ಹೆಂಗಸೊಬ್ಬರು ಬಂದು, ಮುಟ್ಟದೆ, ಬಗ್ಗಿ ಪಕ್ಕದಿಂದ ನೋಡಿದರು. ಯಾರದು ಅಂತ ಗಟ್ಟಿಯಾಗಿ ಕೇಳಿದರು. ಹುಡುಗನೊಬ್ಬ ಓಡಿಬಂದ. ಇವರಿಗೆಲ್ಲ ಮೂರು ಪ್ರಶ್ನೆ ಕಲಿಸಿರುತ್ತಾರೆ. ಬೇಕಂತಲೇ ಬಚ್ಚಿಟ್ಟಿದ್ದಾರಾ? ವೈರು, ಬ್ಯಾಟರಿ ಅಂಥದ್ದೇನಾದರೂ ಎದ್ದು ಕಾಣುತ್ತಿದೆಯಾ? ಈ ಜಾಗದಲ್ಲಿ ಸಾಮಾನ್ಯವಾಗಿ ಜನ ಬಿಟ್ಟುಹೋಗುವಂಥ ವಸ್ತುವಾ? ಇಷ್ಟು ನೋಡಿಕೊಂಡರೆ ಮರೆತುಹೋದ ಪ್ರತಿ ಬ್ಯಾಗಿಗೂ ಸ್ಟೇಷನ್ ಖಾಲಿ ಮಾಡಿಸಬೇಕಾಗಿಲ್ಲ. ಈ ಪ್ರಶ್ನೆಗಳೆಲ್ಲ ವಸ್ತುವಿನ ಬಗ್ಗೆಯೇ, ಯಾರ ಮುಖದ ಬಗ್ಗೆಯೂ ಅಲ್ಲ. ಅದು ನನಗೆ ತುಂಬಾ ಇಷ್ಟವಾಯಿತು.

ಮುಖ ನೋಡಿ ಅಳೆದರೆ ಏನಾಗುತ್ತದೆ ಅನ್ನುವುದನ್ನೂ ಈ ಊರು ಕಂಡಿದೆ. 2005ರ ಜುಲೈ 22ರಂದು ಸ್ಟಾಕ್‌ವೆಲ್ ಸ್ಟೇಷನ್ನಿನಲ್ಲಿ ಪೊಲೀಸರು ಜೀನ್ ಚಾರ್ಲ್ಸ್ ದಿ ಮೆನೆಜೆಸ್ ಎಂಬ ಬ್ರೆಜಿಲಿನ ಎಲೆಕ್ಟ್ರಿಷಿಯನ್‌ನನ್ನು ಬೇರೆ ಯಾರೋ ಅಂದುಕೊಂಡು ರೈಲಿನೊಳಗೇ ಗುಂಡಿಟ್ಟು ಕೊಂದರು. ವಯಸ್ಸು 27. ಏನೂ ತಪ್ಪು ಮಾಡಿರಲಿಲ್ಲ. ಸ್ಟೇಷನ್ನಿನ ಹೊರಗೆ ಅವನ ನೆನಪಿನ ಮೊಸಾಯಿಕ್ ಇದೆ. ಕಂದು ಮೈಬಣ್ಣದ ನಾನು ಬೆನ್ನಿಗೆ ಬ್ಯಾಗು ಹಾಕಿಕೊಂಡು ಅದರ ಮುಂದೆ ಹಾಯುವಾಗ ಮನಸ್ಸು ಭಾರವಾಗುತ್ತದೆ.

ನಮ್ಮ ಮೆಟ್ರೊದ ಸ್ಕ್ಯಾನರ್ ತೆಗೆಯಿರಿ ಅಂತ ನಾನು ಹೇಳುವುದಿಲ್ಲ. ಆದರೆ ಸಿಟಿ ಬಸ್ಸಿಗೆ, ಬಸ್ ಸ್ಟ್ಯಾಂಡಿಗೆ ಸ್ಕ್ಯಾನರ್ ಎಲ್ಲಿದೆ? 2024ರ ಮಾರ್ಚ್ 1ರಂದು ಬೆಂಗಳೂರಿನ ಹೋಟೆಲಿನಲ್ಲಿ ಸಿಡಿದದ್ದೂ ಒಬ್ಬ ಬಿಟ್ಟುಹೋದ ಬ್ಯಾಗೇ. ಆ ಮೂರು ಪ್ರಶ್ನೆಗಳನ್ನು ನಮ್ಮ ಕಂಡಕ್ಟರುಗಳಿಗೆ, ಹೋಟೆಲ್ ಹುಡುಗರಿಗೆ ಕಲಿಸಲು ಒಂದು ಮಧ್ಯಾಹ್ನ ಸಾಕು. ದಯವಿಟ್ಟು ಯಾರಾದರೂ ಕಲಿಸಿ.